ಕಿಟಕಿ ಮುಚ್ಚಿದರೆ ಹೋಗುವ ಸಾಲು

ನಮ್ಮ ಪತ್ರಿಕೆಯ ಮಂಗಳೂರು ಕಚೇರಿಯಲ್ಲಿ ಹಿರಿಯ ಉಪಸಂಪಾದಕಿಯೊಬ್ಬರು ವರ್ಷಗಟ್ಟಲೆ ಬರೆದ ವಾರದ ಅಂಕಣ, ಮಳೆಗಾಲಕ್ಕೆ ಸ್ವಲ್ಪ ಮೊದಲು, ಒಂದು ಕಂಪ್ಯೂಟರಿನ ಒಳಗೆ ಹಾಳಾಯಿತು. ಪ್ರೋಗ್ರಾಂಗಳನ್ನು ನಡೆಸುವ ಜಾವಾ ಎಂಬ ತಂತ್ರಾಂಶದ ಯಾವ ಆವೃತ್ತಿ ಬಳಸಬೇಕೆಂದು ಆ ಕಂಪ್ಯೂಟರಿಗೆ ಹೇಳುವ ಒಂದು ಸಾಲು ಬೇಕಿತ್ತು. ಆ ಸಾಲು ಬೆಳಿಗ್ಗೆ ಇರುತ್ತಿತ್ತು, ಸಂಜೆಗೆ ಇರುತ್ತಿರಲಿಲ್ಲ. ಸುದ್ದಿಯಾಗಿ ಬರೆದರೆ ಇಲ್ಲಿಗೆ ಮುಗಿಯಿತು; ಮೊದಲ ಪ್ಯಾರಾದಲ್ಲಿ ಎಲ್ಲ ಬಂದಿದೆ. ಉಳಿದದ್ದನ್ನು ನಾನು ಬರೆದಿಡುವುದು, ಅದು ನಡೆಯುವಾಗ ಅದೇ ಕೋಣೆಯಲ್ಲಿ ಇದ್ದೆ ಎಂಬ ಕಾರಣಕ್ಕೆ.

ಕೊಂಕಣಿ ಮನೆಗಳಲ್ಲಿ ಅಕ್ಕಂದಿರನ್ನು ಕರೆಯುವ ಹಾಗೆ, ಕಚೇರಿಯಲ್ಲಿ ನಾವೆಲ್ಲರೂ ಅವರನ್ನು ಬಾಯಿ ಎಂದು ಕರೆಯುತ್ತಿದ್ದೆವು. ನನ್ನ ಮನೆಮಾತು ತುಳು, ಆದರೂ ಅವರು ನನಗೆ ಬಾಯಿಯೇ. ಬಲ್ಮಠದಲ್ಲಿ ಅವರ ಮನೆ. ಕೆಲವು ವರ್ಷ ಶಾಲೆಯಲ್ಲಿ ಪಾಠ ಮಾಡಿ, ಆಮೇಲೆ ಪ್ರೂಫ್ ನೋಡಲು ಬಂದು, ಅಲ್ಲಿಂದ ಸುದ್ದಿ ತಿದ್ದುವ ಡೆಸ್ಕಿಗೆ ಬಂದವರು. ಡೆಸ್ಕಿನಲ್ಲಿ ಅವರಿಗೆ ಎಲ್ಲರೂ ಹೆದರುತ್ತಿದ್ದರು. ವರದಿಗಾರ ಬರೆದ ಮಾತನ್ನು ಯಾರು ಹೇಳಿದ್ದು, ಎಲ್ಲಿ ಹೇಳಿದ್ದು ಎಂದು ಗೊತ್ತಾಗುವವರೆಗೆ ಕಾಪಿ ಮುಂದೆ ಹೋಗುತ್ತಿರಲಿಲ್ಲ. ‘ಎಂದು ಸ್ಥಳೀಯರು ತಿಳಿಸಿದ್ದಾರೆ’ ಎಂದು ಬರೆದರೆ, ಯಾವ ಸ್ಥಳೀಯರು, ಅವರ ಮನೆ ಎಲ್ಲಿ ಉಂಟು ಎಂದು ಕೇಳುತ್ತಿದ್ದರು. ಹೊಸಬರು ಕೆಲವರು ಇದೇ ಕಾರಣಕ್ಕೆ ಬೇರೆ ಪತ್ರಿಕೆ ಸೇರಿಕೊಂಡದ್ದೂ ಉಂಟು.

ಅವರ ಅಂಕಣ ನಗರ ಪುರವಣಿಯ ಎರಡನೇ ಪುಟದಲ್ಲಿ, ಕೆಳಗೆ, ಜಾಹೀರಾತಿನ ಮೇಲೆ ಬರುತ್ತಿತ್ತು. ವಾರಕ್ಕೆ ಒಬ್ಬರು. ಬೇರೆ ಯಾವ ರೀತಿಯಲ್ಲೂ ಪತ್ರಿಕೆಗೆ ಬರಲಾರದವರು. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುತ್ತಿದ್ದವರು, ಖಾಸಗಿ ಬಸ್ಸುಗಳ ಟೈಮ್ ಕೀಪರ್, ಬಂದರಿನಲ್ಲಿ ಐಸ್ ಪುಡಿ ಮಾಡುವವರು, ಗಲ್ಫಿನಿಂದ ಸೊಂಟ ನೋವು ಹಚ್ಚಿಕೊಂಡು ವಾಪಸಾದ ನರ್ಸು. ಅಂಥವರ ಎದುರು ಕೂತು ಬಾಯಿ ಕೇಳಿ ಬರೆಯುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಭಾಗ ಹೇಳಿದವರದೇ ಮಾತು, ಉದ್ಧರಣ ಚಿಹ್ನೆಯ ಒಳಗೆ. ಓದಿದವರು ಯಾರೂ ಪತ್ರ ಬರೆಯುತ್ತಿರಲಿಲ್ಲ. ಅಂಕಣ ಬಾರದ ವಾರ ಮಾತ್ರ ಒಂದೆರಡು ಫೋನ್ ಬರುತ್ತಿತ್ತು.

ನಿವೃತ್ತಿ ಹತ್ತಿರ ಬಂದಾಗ ಬಲ್ಮಠದ ಒಂದು ಸಣ್ಣ ಪ್ರಕಾಶನದವರು ಅದನ್ನು ಪುಸ್ತಕ ಮಾಡುವ ಎಂದರು. ಬಾಯಿ ಮೊದಲು ಬೇಡ ಎಂದರು, ಮರುದಿನ ಆಗಲಿ ಎಂದರು. ಅವರು ತಮಗಾಗಿ ಏನನ್ನಾದರೂ ಬಯಸಿದ್ದನ್ನು ನಾನು ನೋಡಿದ್ದು ಅದೊಂದೇ. ಒಮ್ಮೆ ಕ್ಯಾಂಟೀನಿನಲ್ಲಿ ಬನ್ಸ್ ಮುರಿಯುತ್ತಾ ಹೇಳಿದರು: “ಇದು ಆಗದಿದ್ದರೆ ನಾನು ಇಲ್ಲಿ ಬೇರೆಯವರ ವಾಕ್ಯ ತಿದ್ದಿದ್ದು ಮಾತ್ರ ಅಲ್ವಾ.”

ಆ ಅಂಕಣ ಎಲ್ಲಿತ್ತು ಎಂದು ಈಗ ಹೇಳಬೇಕು. ಮುದ್ರಿತ ಸಂಪುಟಗಳು ಕೊಡಿಯಾಲ್‌ಬೈಲ್‌ನ ಹಳೆಯ ಕಚೇರಿಯ ಹಿಂದಿನ ಕೋಣೆಯಲ್ಲಿ ಬೂಷ್ಟು ಹಿಡಿದು ಪುಟಕ್ಕೆ ಪುಟ ಅಂಟಿಕೊಂಡಿದ್ದವು. ಕೊಟ್ಟಾರದ ಈ ಚಿಕ್ಕ ಕಚೇರಿಗೆ ಬರುವಾಗ ಅವನ್ನು ಗುಜರಿಗೆ ಹಾಕಿದ್ದರು. ಕೇಂದ್ರ ಕಚೇರಿಯಲ್ಲಿ ರಾಜ್ಯದ ಪುಟಗಳಷ್ಟೇ ಉಳಿದಿದ್ದವು, ನಮ್ಮ ನಗರ ಪುರವಣಿ ಅವರಿಗೆ ಲೆಕ್ಕಕ್ಕಿಲ್ಲ. ವೆಬ್‌ಸೈಟಿಗೆ ಆ ಕಾಲದಲ್ಲಿ ಸ್ಥಳೀಯ ಪುಟಗಳನ್ನು ಹಾಕುತ್ತಿರಲಿಲ್ಲ. ಬಾಯಿ ಸ್ವತಃ ಒಂದನ್ನೂ ಕತ್ತರಿಸಿ ಇಟ್ಟುಕೊಂಡಿರಲಿಲ್ಲ. ತಮ್ಮ ಬರಹ ತಾವೇ ಕತ್ತರಿಸಿ ಇಡುವುದು ವರದಿಗಾರರ ಅಭ್ಯಾಸ, ಡೆಸ್ಕಿನವರಿಗೆ ಅದು ನಾಚಿಕೆ. ಹಾಗಾಗಿ ಉಳಿದದ್ದು ಒಂದು ಹಾರ್ಡ್‌ಡಿಸ್ಕ್. ಅದರಲ್ಲಿ ನಮ್ಮ ಹಳೆಯ ಪುಟಗಳ ಬರಹವೆಲ್ಲ ಹಳೆಯ ಕನ್ನಡ ಫಾಂಟಿನಲ್ಲಿತ್ತು. ಆ ಫಾಂಟು ಈಗಿನ ಯಂತ್ರಗಳಲ್ಲಿ ಇಲ್ಲ. ತೆರೆದರೆ ಇಂಗ್ಲಿಷ್ ಅಕ್ಷರ, ಡಾಲರ್ ಗುರುತು, ಬಾಲ ಇರುವ ಚಿಹ್ನೆಗಳು ಸಾಲುಸಾಲಾಗಿ ಕಾಣುತ್ತವೆ. ಅದನ್ನು ಈಗಿನ ಎಲ್ಲ ಯಂತ್ರಗಳೂ ಓದುವ ಯೂನಿಕೋಡಿಗೆ ಬದಲಾಯಿಸಬೇಕಿತ್ತು.

ಬದಲಾಯಿಸುವ ಒಂದು ಪ್ರೋಗ್ರಾಂ ಇತ್ತು. ಕೇಂದ್ರ ಕಚೇರಿಯಲ್ಲಿ ಯಾರೋ ಬಹಳ ಹಿಂದೆ ಬರೆದು ಬಿಟ್ಟುಹೋದದ್ದು. ಅದು ಜಾವಾದ ಎಂಟನೇ ಆವೃತ್ತಿಯಲ್ಲಿ ಮಾತ್ರ ಸರಿಯಾಗಿ ನಡೆಯುತ್ತಿತ್ತು. ಹಾರ್ಡ್‌ಡಿಸ್ಕ್ ಸೇರಿಸಿದ್ದ ಅದೇ ಕಂಪ್ಯೂಟರಿನಲ್ಲಿ ವೆಬ್‌ಸೈಟಿಗೆ ಸುದ್ದಿ ಏರಿಸುವ ಕೆಲಸವೂ ನಡೆಯುತ್ತಿತ್ತು, ಅದಕ್ಕೆ ಜಾವಾ ಇಪ್ಪತ್ತೊಂದು ಬೇಕು. ಎರಡೂ ಒಂದೇ ಯಂತ್ರದಲ್ಲಿ ಇರಬಹುದು, ತೊಂದರೆ ಇಲ್ಲ. ಯಾವುದನ್ನು ಬಳಸಬೇಕು ಎಂದು ಯಂತ್ರಕ್ಕೆ ಹೇಳಬೇಕು, ಅಷ್ಟೆ. ಹಾಗೆ ಹೇಳುವುದನ್ನು ಎನ್ವಿರಾನ್ಮೆಂಟ್ ವೇರಿಯಬಲ್ ಎನ್ನುತ್ತಾರೆ: ಒಂದು ಹೆಸರು, ಅದರ ಎದುರು ಒಂದು ವಿಳಾಸ. ಪ್ರೋಗ್ರಾಂ ಆ ಹೆಸರು ನೋಡಿ, ವಿಳಾಸ ಓದಿ, ಅಲ್ಲಿರುವ ಜಾವಾವನ್ನು ಎತ್ತಿಕೊಳ್ಳುತ್ತದೆ.

ಹೇಳುವುದಕ್ಕೆ ಎರಡು ದಾರಿ. ಪರದೆಯ ಮೇಲೆ ಯಂತ್ರಕ್ಕೆ ಆಜ್ಞೆ ಕೊಡುವ ಕಪ್ಪು ಕಿಟಕಿ ತೆರೆದು ಒಂದು ಸಾಲು ಟೈಪ್ ಮಾಡಿದರೆ ಆ ಕಿಟಕಿ ತೆರೆದಿರುವಷ್ಟು ಹೊತ್ತು ಅದು ನಡೆಯುತ್ತದೆ, ಮುಚ್ಚಿದರೆ ಹೋಯಿತು. ಇಲ್ಲವೇ ಯಂತ್ರದಲ್ಲಿ ಕಾಯಂ ಆಗಿ ಬರೆದಿಡಬಹುದು, ಆಗ ಆರಿಸಿ ಹೊತ್ತಿಸಿದರೂ ಉಳಿಯುತ್ತದೆ. ನಮ್ಮಲ್ಲಿ ಕಾಯಂ ಆಗಿ ಬರೆದಿದ್ದದ್ದು ಇಪ್ಪತ್ತೊಂದು. ಎಂಟನ್ನು ಕಾಯಂ ಮಾಡಬಹುದೇ ಎಂದು ಕೇಂದ್ರ ಕಚೇರಿಯ ಎಂಜಿನಿಯರಿಗೆ ಫೋನ್ ಮಾಡಿದೆ.

“ಬೇಡಿ ಸಾರ್, ವೆಬ್ ಅಪ್‌ಲೋಡ್ ನಿಂತುಹೋಗುತ್ತೆ” ಎಂದರು. “ಕನ್ವರ್ಟ್ ಮಾಡೋವಾಗ ಮಾತ್ರ ಆ ಕಿಟಕೀಲಿ ಟೈಪ್ ಮಾಡ್ಕೊಳ್ಳಿ. ನಾನೊಂದು ಫೈಲ್ ಮಾಡಿ ಕಳಿಸ್ತೀನಿ. ಅದನ್ನ ಒತ್ತಿದ್ರೆ ಎಲ್ಲಾ ಅದೇ ನೋಡ್ಕೊಳ್ಳುತ್ತೆ.”

ಆ ಫೈಲು ಬರಲಿಲ್ಲ. ಅವರನ್ನು ದೂರುವ ಹಾಗಿಲ್ಲ, ಎಲ್ಲ ಊರಿನ ಕಚೇರಿಗಳಿಗೂ ಅವರೊಬ್ಬರೇ. ಆ ಫೈಲಿನಲ್ಲಿ ಇರಬೇಕಾದ್ದು ಎರಡು ಸಾಲು ಎಂದು ಆಮೇಲೆ ತಿಳಿಯಿತು.

ಕೆಲಸ ಹೀಗೆ ಹಂಚಿಕೊಂಡೆವು. ಬೆಳಿಗ್ಗೆ ನಾನು ಬಂದು ಕಪ್ಪು ಕಿಟಕಿ ತೆರೆದು, ಮಾನಿಟರಿನ ಅಂಚಿಗೆ ಅಂಟಿಸಿದ್ದ ಚೀಟಿ ನೋಡಿ ಆ ಸಾಲು ಟೈಪ್ ಮಾಡಿ, ಅದೇ ಕಿಟಕಿಯಿಂದ ಪ್ರೋಗ್ರಾಂ ಶುರು ಮಾಡುತ್ತಿದ್ದೆ. ಮೊದಲು ಬಂದ ಕೆಲವು ಬರಹ ತೆರೆದು ಓದುತ್ತಿದ್ದೆ. ಸರಿಯಾಗಿಯೇ ಇರುತ್ತಿದ್ದವು. ಮಧ್ಯಾಹ್ನ ನನಗೆ ಪುಟದ ಕೆಲಸ, ಆಗ ಬಾಯಿ ಬಂದು ಕೂರುತ್ತಿದ್ದರು. ಯಂತ್ರ ನಿಧಾನದ್ದು. ಒಂದು ವರ್ಷದ ಪುಟ ಮುಗಿಸಲು ಅದಕ್ಕೆ ದಿನಗಳು ಬೇಕಿತ್ತು.

ಮೊದಲ ವಾರ ಬಾಯಿ ನನ್ನ ಹಿಂದೆ ನಿಂತು ನಾನು ಆ ಸಾಲು ಟೈಪ್ ಮಾಡುವುದನ್ನು ನೋಡಿದರು. “ಇದೆಂತ ಮಾರಾಯ್ರೇ, ದಿನಾ ಬೆಳಿಗ್ಗೆ ಹೇಳಬೇಕಾ ಇದಕ್ಕೆ? ನಮ್ಮ ಮನೆಯ ಕೋಳಿಗೂ ಸಂಜೆ ಯಾವ ಗೂಡಿಗೆ ಹೋಗಬೇಕು ಅಂತ ನೆನಪುಂಟು.”

ಕೋಳಿಗೆ ಒಂದೇ ಗೂಡು ಬಾಯಿ, ಇದಕ್ಕೆ ಎರಡುಂಟು ಎಂದೆ. ಅವರು ನಕ್ಕರು.

ಹೊಸ ಪ್ರತಿ ತಯಾರಾದ ಮೇಲೆ ಹಳೆಯದನ್ನು ಅಳಿಸುವುದು ನಮ್ಮ ಡೆಸ್ಕಿನ ನಿಯಮ. ಇದನ್ನು ಹೊರಗಿನವರು ನಂಬುವುದಿಲ್ಲ. ಕಂಪ್ಯೂಟರ್ ಗೊತ್ತಿರುವವರು ಪ್ರತಿ ಇಟ್ಟುಕೊಳ್ಳಿ ಎನ್ನುತ್ತಾರೆ, ನಾವು ಪ್ರತಿ ಇಟ್ಟುಕೊಳ್ಳಬೇಡಿ ಎನ್ನುತ್ತೇವೆ. ತಿದ್ದಿದ ಪ್ರತಿ, ತಿದ್ದದ ಪ್ರತಿ ಎರಡೂ ಇದ್ದರೆ, ತಿದ್ದದೇ ಇರುವುದೇ ಅಚ್ಚಿಗೆ ಹೋಗುತ್ತದೆ. ಒಮ್ಮೆ ಹಾಗೆ ಹೋಗಿ, ಬದುಕಿದ್ದವರೊಬ್ಬರ ಫೋಟೋ ನಿಧನದ ಕಾಲಮಿನಲ್ಲಿ ಬಂದಿತ್ತು. ಅಂದಿನಿಂದ ಬಾಯಿ ತಮ್ಮ ಪಾಳಿಯಲ್ಲಿ ಎರಡು ಪ್ರತಿ ಇರಲು ಬಿಟ್ಟವರಲ್ಲ. ಇಲ್ಲಿಯೂ ಅದನ್ನೇ ಮಾಡಿದರು. ಸಂಜೆ ಏಳುವ ಮೊದಲು, ಎಡಗಡೆಯ ಫೋಲ್ಡರಿನಲ್ಲಿ ಎಷ್ಟು ಹಳೆಯ ಬರಹವೋ ಬಲಗಡೆ ಅಷ್ಟೇ ಹೊಸ ಬರಹ ಬಂದಿದೆಯೇ ಎಂದು ನೋಡಿ, ಎಡಗಡೆಯದನ್ನು ಅಳಿಸುತ್ತಿದ್ದರು. ನಾನೂ ಅದೇ ಡೆಸ್ಕಿನಲ್ಲಿ ಬೆಳೆದವನು. ನನಗೆ ಅದು ಸರಿಯಾಗಿಯೇ ಕಂಡಿತು.

ಇನ್ನೊಂದು ವಿಷಯ. ಬಾಯಿ ತಮ್ಮ ಅಂಕಣವನ್ನು ಕೊನೆಗೆ ಇಟ್ಟಿದ್ದರು. ಅದು ಪುರವಣಿಯ ಬೇರೆ ಫೋಲ್ಡರಿನಲ್ಲಿತ್ತು, ಬೇಕಿದ್ದರೆ ಮೊದಲ ದಿನಗಳಲ್ಲೇ ಮುಗಿಸಿಕೊಳ್ಳಬಹುದಿತ್ತು. ಊಟಕ್ಕೆ ಬಡಿಸುವವರು ಕೊನೆಗೆ ಕೂರುವ ಹಾಗೆ, ಮೊದಲು ಕೋರ್ಟು, ನಿಧನ, ಬಂದರು, ನಗರಪಾಲಿಕೆ ಎಲ್ಲ ಆಗಲಿ ಎಂದರು. ತಮ್ಮ ಅಂಕಣದ ಸರದಿ ಬಂದಾಗ ಅದನ್ನು ತೆರೆದು ನೋಡಲೂ ಇಲ್ಲ. ನಾನು ಯಾಕೆ ಎಂದು ಕೇಳಿದ್ದೆ. ಈಗ ಓದಿದರೆ ತಿದ್ದಲು ಕೂತುಬಿಡ್ತೇನೆ, ಎಲ್ಲ ಸೇರಿಸಿ ಮನೆಯಲ್ಲಿ ಒಮ್ಮೆಲೇ ಓದುತ್ತೇನೆ ಎಂದರು.

ಅವರ ಅಂಕಣದ ಸರದಿ ಬಂದದ್ದು ಮೇ ತಿಂಗಳ ಕೊನೆಗೆ. ಆ ಹೊತ್ತಿಗೆ ಇಲ್ಲಿ ಮಧ್ಯಾಹ್ನ ಕಳೆದ ಮೇಲೆ ಪೂರ್ವದ ಕಡೆ ಕಪ್ಪಾಗುತ್ತದೆ, ಚಾ ಕುಡಿಯುವ ಹೊತ್ತಿಗೆ ಗುಡುಗು. ಗುಡುಗು ಕೇಳಿದರೆ ಪ್ಲಗ್ಗು ಕೀಳುವುದು ಈ ಊರಿನ ಎಲ್ಲ ಮನೆಗಳ ಅಭ್ಯಾಸ, ನಮ್ಮ ಕಚೇರಿಯದೂ. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಎಳೆದು ನೆಲದ ಮೇಲೆ ಹಾಕಬೇಕು. ಹಿಂದೊಮ್ಮೆ ಸಿಡಿಲಿಗೆ ನಮ್ಮ ಮೋಡೆಮ್ಮು, ಎರಡು ಕಂಪ್ಯೂಟರು ಸುಟ್ಟು, ಅಂದಿನ ಪುಟಗಳನ್ನು ಬೇರೆ ಊರಿನಿಂದ ಕಳಿಸಬೇಕಾಗಿತ್ತು. ಹಾಗಾಗಿ ಮೊದಲ ಗುಡುಗಿಗೆ ಎಲ್ಲರೂ ಮೇಜಿನ ಕೆಳಗೆ ಬಗ್ಗುತ್ತೇವೆ. ಪುಟ ಕಟ್ಟುವ ಎರಡು ಯಂತ್ರಗಳನ್ನು ಮಾತ್ರ ದೇವರ ಮೇಲೆ ಭಾರ ಹಾಕಿ ಬಿಡುತ್ತೇವೆ.

ಹಾರ್ಡ್‌ಡಿಸ್ಕ್ ಸೇರಿಸಿದ್ದ ಮೂಲೆಯ ಯಂತ್ರದ ಪ್ಲಗ್ಗನ್ನು ಬಾಯಿ ಕೀಳುತ್ತಿದ್ದರು. ಯಂತ್ರ ಆರುತ್ತಿತ್ತು, ಕಪ್ಪು ಕಿಟಕಿ ಹೋಗುತ್ತಿತ್ತು, ಕಿಟಕಿಯ ಜೊತೆ ನಾನು ಬೆಳಿಗ್ಗೆ ಟೈಪ್ ಮಾಡಿದ ಸಾಲೂ ಹೋಗುತ್ತಿತ್ತು. ಗುಡುಗು ದೂರ ಹೋದ ಮೇಲೆ ಅವರು ಪ್ಲಗ್ಗು ಹಾಕಿ, ಯಂತ್ರ ಹೊತ್ತಿಸಿ, ಪರದೆಯ ಮೇಲಿದ್ದ ಪ್ರೋಗ್ರಾಮಿನ ಚಿತ್ರವನ್ನು ಒತ್ತುತ್ತಿದ್ದರು. ಅದು ಶುರುವಾಗುತ್ತಿತ್ತು, ನಿಲ್ಲಿಸಿದ ಕಡೆಯಿಂದಲೇ. ಬಲಗಡೆ ಬರಹಗಳ ಸಂಖ್ಯೆ ಏರುತ್ತಿತ್ತು. ಒಂದು ತಪ್ಪಿನ ಸೂಚನೆಯೂ ಬರಲಿಲ್ಲ. ಆಗುವುದಿಲ್ಲ ಎಂದು ಒಮ್ಮೆ ನಿಂತಿದ್ದರೆ ಸಾಕಿತ್ತು. ಅದು ನಿಲ್ಲದೆ ಕೆಲಸ ಮಾಡಿತು, ಕಾಯಂ ಆಗಿ ಬರೆದಿದ್ದ ಇಪ್ಪತ್ತೊಂದರಲ್ಲಿ.

ಆ ಚೀಟಿ ಅವರ ಕಣ್ಣೆದುರೇ ಇತ್ತು. ಆದರೆ ಡೆಸ್ಕಿನಲ್ಲಿ ಬೆಳಿಗ್ಗೆಯ ಮೀಟಿಂಗಿನಲ್ಲಿ ಹೇಳಿದ್ದು ಪುಟ ಹೋಗುವವರೆಗೆ ನಡೆಯುತ್ತದೆ. ಮಧ್ಯದಲ್ಲಿ ಕರೆಂಟು ಹೋಯಿತೆಂದು ಯಾರೂ ತೀರ್ಮಾನವನ್ನು ಎರಡನೇ ಸಲ ಹೇಳುವುದಿಲ್ಲ. ಬಾಯಿ ಆಮೇಲೆ ನನಗೆ ಹೇಳಿದ್ದೂ ಅದನ್ನೇ, ಬಹಳ ಮೆಲ್ಲಗೆ: “ಬೆಳಿಗ್ಗೆ ನೀವು ಹೇಳಿದ್ದೀರಲ್ಲ, ಇವತ್ತಿಗೆ ಅದು ಸಾಕು ಅಂತ ಇದ್ದೆ.”

ಆ ಕೊನೆಯ ದಿನಗಳಲ್ಲಿ ಗುಡುಗು ಬಾರದ ಸಂಜೆ ಹೆಚ್ಚೇನೂ ಇರಲಿಲ್ಲ.

ಗೊತ್ತಾದದ್ದು ಪ್ರಕಾಶನದವರಿಂದ. ಮಳೆ ಹಿಡಿದಿತ್ತು. ಬಾಯಿ ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ, ಒಂದು ಪ್ರತಿ ಬಲ್ಮಠದ ಪ್ರಕಾಶನಕ್ಕೆ ಕೊಟ್ಟು, ರಜೆಯಲ್ಲಿ ಓದುತ್ತೇನೆ ಎಂದು ಇನ್ನೊಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರು. ಅಲ್ಲಿ ಪುಟ ಕಟ್ಟುವವರು ಕಚೇರಿಗೆ ಫೋನ್ ಮಾಡಿದರು. ಬಾಯಿ ಎತ್ತಿದರು. ಅವರು ಸ್ವಲ್ಪ ಹೊತ್ತು ಕೇಳಿ, ಫಾಂಟಿನ ತೊಂದರೆ ಇರಬೇಕು, ನೋಡ್ತೇನೆ ಎಂದು ಇಟ್ಟರು. ನನ್ನ ಕಡೆ ತಿರುಗಿ, ಅವರಿಗೆ ಅಕ್ಷರದ ಮಧ್ಯೆ ಎಂತದೋ ಕಪ್ಪು ಗುರುತು ಕಾಣ್ತದಂತೆ ಎಂದರು.

ನಾನು ಮೂಲೆಯ ಯಂತ್ರದಲ್ಲಿ ಒಂದು ಅಂಕಣ ತೆರೆದೆ. ಅದು ಸರಿಯಾಗಿತ್ತು. ಇನ್ನೊಂದು ತೆರೆದೆ, ಅದರಲ್ಲಿ ಅರ್ಧ ಇರಲಿಲ್ಲ. ಒತ್ತಕ್ಷರ, ಕೊಂಬು, ದೀರ್ಘ, ಕೆಲವು ಕಡೆ ಅಕ್ಷರವೇ ಹೋಗಿ, ಆ ಜಾಗದಲ್ಲೆಲ್ಲ ವಜ್ರದ ಆಕಾರದ ಒಂದೇ ಕಪ್ಪು ಗುರುತು. ಮೂರನೆಯದು ಹಾಗೇ, ನಾಲ್ಕನೆಯದೂ ಹಾಗೇ. ಬಾಯಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಪ್ರತಿ ಬರಹ ಯಾವ ಹೊತ್ತಿಗೆ ತಯಾರಾಯಿತು ಎಂದು ಯಂತ್ರದಲ್ಲಿ ಇರುತ್ತದೆ. ನೋಡುತ್ತಾ ಹೋದೆವು. ಬೆಳಿಗ್ಗೆ ಆದದ್ದೆಲ್ಲ ಸರಿ, ಗುಡುಗಿನ ಮೇಲೆ ಆದದ್ದೆಲ್ಲ ಹಾಳು. ಬಾಯಿಗೆ ನನಗಿಂತ ಮೊದಲು ಅರ್ಥವಾಯಿತು. ಎಡಗಡೆಯ ಫೋಲ್ಡರ್ ತೆರೆಯಿರಿ ಎಂದರು. ತೆರೆದೆ. ಅದರಲ್ಲಿ ಏನೂ ಇರಲಿಲ್ಲ, ಅವರೇ ಅಳಿಸಿದ್ದರು.

ಎಂಜಿನಿಯರಿಗೆ ಫೋನ್ ಮಾಡಿ ಸ್ಪೀಕರಿನಲ್ಲಿ ಇಟ್ಟೆ. ಅವರು ಆ ಬರಹಗಳಲ್ಲಿ ಒಂದನ್ನು ತರಿಸಿಕೊಂಡು ನೋಡಿ, ವಿವರಿಸಿದರು. ಹಳೆಯ ಫಾಂಟು ತನ್ನ ಅರ್ಧ ಅಕ್ಷರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿಯೂ ಉಳಿದರ್ಧವನ್ನು ಆ ವಿಚಿತ್ರ ಚಿಹ್ನೆಗಳ ಜಾಗದಲ್ಲಿಯೂ ಇಟ್ಟಿತ್ತು. ಜಾವಾದ ಎಂಟನೇ ಆವೃತ್ತಿ ಆ ಚಿಹ್ನೆಗಳನ್ನು ಇದ್ದ ಹಾಗೆ ಓದುತ್ತದೆ. ಇಪ್ಪತ್ತೊಂದು ಬೇರೆ ರೀತಿ ಓದುತ್ತದೆ, ಅದಕ್ಕೆ ಅವು ಅರ್ಥವಾಗುವುದಿಲ್ಲ. ಅರ್ಥವಾಗದ ಪ್ರತಿಯೊಂದಕ್ಕೂ ಅದೇ ಗುರುತು ಹಾಕಿ ಮುಂದೆ ಹೋಗುತ್ತದೆ. ತಿರುಗಿಸಿ ಸರಿ ಮಾಡಲು ಆಗುವುದಿಲ್ಲವೇ ಎಂದು ಕೇಳಿದೆ.

“ಬೇರೆ ಬೇರೆ ಗುರುತು ಬಿದ್ದಿದ್ರೆ ತಿರುಗಿಸಬಹುದಿತ್ತು ಸಾರ್. ಎಲ್ಲಾದಕ್ಕೂ ಒಂದೇ ಬಿದ್ದಿದೆ. ಯಾವುದು ಯಾವುದಾಗಿತ್ತು ಅಂತ ಅದಕ್ಕೂ ಗೊತ್ತಿಲ್ಲ. ಹಳೇ ಫೈಲ್ ಇದೆಯಲ್ಲ, ಇನ್ನೊಂದ್ಸಲ ಓಡಿಸಿಬಿಡಿ.”

ಹಳೆಯ ಫೈಲ್ ಇಲ್ಲ ಎಂದೆ. ಯಾಕೆ ಸಾರ್ ಎಂದು ಅವರು ಕೇಳಿದರು. ಬಾಯಿ ಮುಂದೆ ಬಗ್ಗಿ, ನಮ್ಮಲ್ಲಿ ಎರಡು ಪ್ರತಿ ಇಡುವುದಿಲ್ಲ ಎಂದರು.

ಅಳಿಸಿಹೋದದ್ದನ್ನು ಮತ್ತೆ ತೆಗೆದುಕೊಡುವ ಕೊಡಿಯಾಲ್‌ಬೈಲ್‌ನ ಒಬ್ಬರಲ್ಲಿಗೆ ಹಾರ್ಡ್‌ಡಿಸ್ಕನ್ನು ತೆಗೆದುಕೊಂಡು ಹೋದೆವು. ಟ್ರಾಫಿಕ್ಕಿನಲ್ಲಿ ರಿಕ್ಷಾ ನಿಂತು ನಿಂತು ಹೋಗುವಾಗ ಬಾಯಿ ಡಿಸ್ಕಿನ ಪೊಟ್ಟಣವನ್ನು ಮಡಿಲಲ್ಲಿ ಇಟ್ಟು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಅಂಗಡಿಯವರು ಪ್ರಾಮಾಣಿಕರು, ಆಸೆ ತೋರಿಸಲಿಲ್ಲ. ಅಳಿಸಿದ ಮೇಲೆ ಅದೇ ಡಿಸ್ಕಿನಲ್ಲಿ ಹೊಸ ಬರಹ ಬರೆಯುತ್ತಾ ಹೋಗಿದ್ದೀರಿ, ಖಾಲಿಯಾದ ಜಾಗದ ಮೇಲೆಯೇ ಅದು ಕೂತಿದೆ ಎಂದರು. ಕೆಲವು ದಿನ ಬಿಟ್ಟು ಸಿಕ್ಕಿದ್ದನ್ನು ಕೊಟ್ಟರು. ಚಿನ್ನ ಬೆಳ್ಳಿಯ ದರ, ಸಮುದ್ರದ ಉಬ್ಬರ ಇಳಿತದ ವೇಳೆ, ನೀರು ಬಾರದ ವಾರ್ಡುಗಳ ಪ್ರಕಟಣೆ, ಹೆಸರಿಲ್ಲದ ಫೋಟೋಗಳು. ಅಂಕಣದಲ್ಲಿ ಸಿಕ್ಕಿದ್ದು ಒಂದೆರಡು ತುಂಡು. ಹೊರಗೆ ಬಂದು ಬಾಯಿ, ಉಬ್ಬರ ಇಳಿತ ಪೂರ್ತಿ ಉಂಟಲ್ಲ ಮಾರಾಯ್ರೇ, ಹಳೆಯ ಸಮುದ್ರ ಬೇಕಾದವರಿಗೆ ಕೊಡಬಹುದು ಎಂದರು. ಅವರು ತಮಾಷೆ ಮಾಡಿದ್ದು ಅದೇ ಕೊನೆ ಎಂದು ಹೇಳಲಾರೆ. ನಾನು ಬರೆದಿಟ್ಟುಕೊಳ್ಳುವಷ್ಟು ನೆನಪಿರುವ ಕೊನೆಯದು ಅದು.

ಬೆಳಿಗ್ಗೆ ಆದವು ಇದ್ದವು. ಅಷ್ಟಕ್ಕೆ ಪುಸ್ತಕ ಆಗುವುದಿಲ್ಲ ಎಂದು ಪ್ರಕಾಶನದವರು ಹೇಳಿದರು. ಹಾಳಾದ ಕಡೆ ಬಾಯಿಯೇ ತುಂಬಿಸಿ ಕೊಡಲಿ ಎಂದರು. ಅದು ಆಗದ ಕೆಲಸವಾಗಿ ಕಾಣಲಿಲ್ಲ. ಕನ್ನಡ ಓದುವವರಿಗೆ ಅರ್ಧ ಅಕ್ಷರ ಸಾಕು, ಸಾಲಿನ ಅರ್ಥದಿಂದ ಉಳಿದದ್ದು ತಿಳಿಯುತ್ತದೆ. ಬಾಯಿ ದಿನಾ ಪಾಳಿಗೆ ಮೊದಲು ಬಂದು ಮೂಲೆಯಲ್ಲಿ ಕೂತರು. ತಾವು ಬರೆದ ವಾಕ್ಯಗಳನ್ನು ಬೇಗ ತುಂಬಿಸಿದರು. ಬೇರೆಯವರು ಹೇಳಿದ ಮಾತು ಬಂದಲ್ಲಿ ನಿಂತರು.

ಬಂದರಿನ ಹತ್ತಿರ ಬಲೆ ಹೆಣೆಯುತ್ತಿದ್ದ ಒಬ್ಬ ಹೆಂಗಸಿನ ಅಂಕಣ ಅದು. ಗಂಡ ಗಲ್ಫಿಗೆ ಹೋಗಿ ಬಹಳ ವರ್ಷ ಕಾಗದವಿಲ್ಲ, ಫೋನಿಲ್ಲ. ಒಂದು ದಿನ ಬಾಗಿಲಿಗೆ ಬಂದು ನಿಂತರು. ಆ ಹೆಂಗಸು ಹೇಳಿದ ಮಾತು ಪರದೆಯ ಮೇಲೆ ಹೀಗಿತ್ತು: ‘ಅವರು ಬಾಗಿ◆ಲ್ಲಿ ನಿಂ◆ಗ ನಾನು ◆◆ ಅಂತ ಹೇಳ◆ಲ್ಲ, ◆◆◆ ಅಂತ ಮಾ◆ ಹೇಳಿದೆ.’

“ಈ ಮಾತಿಗೋಸ್ಕರವೇ ನಾನು ಆ ಅಂಕಣ ಬರೆದದ್ದು” ಎಂದರು ಬಾಯಿ. “ಜಗಲಿ ನೆನಪುಂಟು. ಅವಳ ಕೈಯಲ್ಲಿದ್ದ ಬಲೆಯ ಸೂಜಿ ನೆನಪುಂಟು. ಕೊಟ್ಟದ್ದು ಹಾಲಿಲ್ಲದ ಚಾ. ಅವಳು ಎಂತ ಹೇಳಿದ್ದು ಅಂತ ನೆನಪಿಲ್ಲ.”

ನಾನು ಕೆಲವು ಪದ ಹೇಳಿ ನೋಡಿದೆ. ಬಾ, ಹೋಗು, ಯಾಕೆ ಬಂದದ್ದು, ಊಟ ಆಯಿತಾ. ಎಲ್ಲವೂ ಹೊಂದುತ್ತಿತ್ತು, ಅದೇ ತೊಂದರೆ. ಹೊಂದಿದ ಪ್ರತಿಯೊಂದಕ್ಕೂ ಆ ಹೆಂಗಸು ಬೇರೆಯೇ ಒಬ್ಬಳಾಗುತ್ತಿದ್ದಳು. ಬಾಯಿ ಸಾಕು ಎಂದು ಕೈ ಮಾಡಿದರು.

ಆ ಹೆಂಗಸು ತೀರಿಕೊಂಡಿದ್ದರು. ಮಗಳು ಎಲ್ಲೋ ದೂರದಲ್ಲಿ ಮದುವೆಯಾಗಿ ಇದ್ದಳು. ಬಂದರಿನ ಕಡೆ ವಿಚಾರಿಸಿ ಅವಳ ನಂಬರು ತಂದು ಬಾಯಿಗೆ ಕೊಟ್ಟೆ. ಕಚೇರಿಯಿಂದಲೇ ಮಾತಾಡಿದರು, ನಾನು ಎದುರಿನಲ್ಲಿದ್ದೆ. ಅಪ್ಪ ಬಂದ ದಿನ ತಾನು ಶಾಲೆಯಲ್ಲಿದ್ದೆ, ಅಮ್ಮ ನಮಗೆ ಅದನ್ನೆಲ್ಲ ಹೇಳಿದವಳಲ್ಲ ಎಂದಳಂತೆ ಮಗಳು. ಆಮೇಲೆ ಅವಳೇ ಏನೋ ಕೇಳಿದಳು. ಬಾಯಿ, ಸಿಕ್ಕಿದರೆ ಕಳಿಸ್ತೇನೆ ಮಗಾ ಎಂದು ರಿಸೀವರ್ ಇಟ್ಟರು.

ಎಂತ ಕೇಳಿದಳು ಎಂದು ನಾನು ಕೇಳಲಿಲ್ಲ. ಅವರಾಗಿಯೇ ಹೇಳಿದರು: “ಆಂಟಿ, ನೀವು ಬರೆದದ್ದರಲ್ಲಿ ಅಮ್ಮ ಎಂತ ಹೇಳಿದ್ದು ಅಂತ ಉಂಟು ಅಲ್ವಾ, ಅದನ್ನು ಓದಿ ಹೇಳ್ತೀರಾ ಅಂತ ಕೇಳಿದಳು.”

ಅಂದಿನಿಂದ ಅವರು ಮೂಲೆಯ ಯಂತ್ರದ ಎದುರು ಕೂರಲಿಲ್ಲ. ಪ್ರಕಾಶನದವರು ಎರಡು ಸಲ ಬಂದರು. ಒಂದೆರಡು ಪದ ಹೆಚ್ಚುಕಡಿಮೆಯಾದರೆ ಯಾರಿಗೂ ಗೊತ್ತಾಗುವುದಿಲ್ಲ, ಮಾತಾಡಿದವರಲ್ಲಿ ಹೆಚ್ಚಿನವರು ಈಗ ಇಲ್ಲ, ನೀವೇ ಬರೆದದ್ದನ್ನು ನೀವೇ ತುಂಬಿಸಿದರೆ ತಪ್ಪೇನು ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಬಾಯಿ ಬಂದವರಿಗೆ ಚಾ ತರಿಸಿಕೊಟ್ಟರು. ಅವರು ಕುಡಿದು ಮುಗಿಸುವವರೆಗೆ ಕಾದು ಹೇಳಿದರು: “ಗೊತ್ತಾಗದೇ ಇರಬಹುದು. ಆದರೆ ಅದು ಅವರು ಹೇಳಿದ್ದಲ್ಲ. ನಾನು ಹೇಳಿದ್ದನ್ನು ಅವರ ಬಾಯಲ್ಲಿ ಇಟ್ಟ ಹಾಗೆ ಆಗ್ತದೆ. ಇಷ್ಟು ವರ್ಷ ಇದೇ ಕಾರಣಕ್ಕೆ ಎಷ್ಟು ಜನರ ಕಾಪಿ ಹರಿದು ಹಾಕಿದ್ದೇನೆ.”

ನನಗೆ ಬೇರೆ ಅಭಿಪ್ರಾಯವಿತ್ತು. ಇದ್ದಷ್ಟು ಇರಲಿ, ಖಾಲಿ ಜಾಗವನ್ನು ಖಾಲಿಯೇ ಬಿಟ್ಟು ಅಚ್ಚು ಹಾಕಲಿ ಎಂದು ಒಂದು ದಿನ ಹೇಳಿದ್ದೆ. ಬಾಯಿ ಅದನ್ನು ಯೋಚಿಸಿದರು ಎಂದು ಕಾಣುತ್ತದೆ. ಒಂದು ಪುಟ ಹಾಗೆಯೇ ಪ್ರಿಂಟ್ ತೆಗೆದು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಸಂಜೆ ನೋಡಿದರೆ ಪೆನ್ನಿನಿಂದ ಪ್ರತಿ ಕಪ್ಪು ಗುರುತಿಗೂ ಸುತ್ತು ಹಾಕಿದ್ದರು, ಪ್ರೂಫಿನಲ್ಲಿ ತಪ್ಪಿಗೆ ಹಾಕುವ ಹಾಗೆ. ಅಂಚಿನಲ್ಲಿ ಏನೂ ಬರೆದಿರಲಿಲ್ಲ. ತಿದ್ದುಪಡಿ ಇಲ್ಲದ ಪ್ರೂಫ್ ಮುಂದೆ ಹೋಗುವುದಿಲ್ಲ ಎಂದು ನಮಗೆ ಕಲಿಸಿದವರೇ ಅವರು. ಆ ಹಾಳೆ ಮರುದಿನ ಕಸದ ಬುಟ್ಟಿಯಲ್ಲಿತ್ತು. ಪುಸ್ತಕದ ಮಾತು ಅಲ್ಲಿಗೆ ನಿಂತಿತು.

ಮಳೆಗಾಲ ಕಳೆಯಿತು. ವೆಬ್ ನೋಡುವ ಸಹೋದ್ಯೋಗಿಗೆ ಹೊಸ ಲ್ಯಾಪ್‌ಟಾಪ್ ಬಂತು, ಅವಳು ತನ್ನ ಕೆಲಸವನ್ನು ಅದಕ್ಕೆ ಒಯ್ದಳು. ಮೂಲೆಯ ಯಂತ್ರಕ್ಕೆ ಇನ್ನು ಇಪ್ಪತ್ತೊಂದು ಬೇಡ. ಅಕ್ಟೋಬರಿನ ಕೊನೆಗೆ, ಬಾಯಿಯ ಸೇವೆಯ ಕೊನೆಯ ವಾರ, ನಾನು ಒಂದು ದಿನ ಕೂತು ಎಂಟನ್ನು ಕಾಯಂ ಮಾಡಿದೆ. ಎಂಜಿನಿಯರು ಫೋನಿನಲ್ಲಿ ಹೇಳಿದರು, ನಾನು ಟೈಪ್ ಮಾಡಿದೆ. ಮಾಡಿ, ಅದೇ ಕಿಟಕಿಯಲ್ಲಿ ಯಾವ ಜಾವಾ ಎಂದು ಕೇಳಿದರೆ ಇಪ್ಪತ್ತೊಂದು ಎಂದೇ ಬಂತು. ಆಗಲಿಲ್ಲ ಎಂದೆ. ಆಗಿದೆ ಸಾರ್, ಮೊದಲೇ ತೆರೆದಿರುವ ಕಿಟಕಿಗೆ ಅದು ಗೊತ್ತಾಗಲ್ಲ, ಮುಚ್ಚಿ ಹೊಸದು ತೆರೆಯಿರಿ ಎಂದರು. ಮುಚ್ಚಿ ಹೊಸದು ತೆರೆದು ಕೇಳಿದೆ. ಎಂಟು ಎಂದು ಬಂತು. ಅಷ್ಟೇ ಕೆಲಸ. ಚಾ ಆರುವುದರೊಳಗೆ ಮುಗಿದಿತ್ತು.

ಮಳೆಗಾಲ ಹೋಗುವಾಗ ಇಲ್ಲಿ ಇನ್ನೊಮ್ಮೆ ಗುಡುಗಿನ ಕಾಲ ಬರುತ್ತದೆ. ಅಂದೂ ಮಧ್ಯಾಹ್ನದ ಮೇಲೆ ಪೂರ್ವದ ಕಡೆ ಕಪ್ಪಾಗಿತ್ತು. ಬಾಯಿ ತಮ್ಮ ಡ್ರಾಯರ್ ಖಾಲಿ ಮಾಡುತ್ತಿದ್ದವರು ಬಂದು ನನ್ನ ಹಿಂದೆ ನಿಂತರು. ಎಂತ ಮಾಡುವುದು ಎಂದರು. ಹೇಳಿದೆ.

“ಈಗ ಪ್ಲಗ್ಗು ಕಿತ್ತರೂ ಉಳೀತದಾ?”

“ಉಳೀತದೆ ಬಾಯಿ.”

ಅವರು ನನ್ನ ಮಾತನ್ನು ಒಪ್ಪಲಿಲ್ಲ. ಮೊದಲ ಗುಡುಗು ಇನ್ನೂ ದೂರದಲ್ಲಿತ್ತು. ಅವರು ಮೇಜಿನ ಕೆಳಗೆ ಬಗ್ಗಿ ಪ್ಲಗ್ಗು ಎಳೆದು ನೆಲದ ಮೇಲೆ ಹಾಕಿದರು. ಪರದೆ ಕಪ್ಪಾಯಿತು. ಗುಡುಗು ಹತ್ತಿರ ಬಂದು, ಒಂದು ಸಣ್ಣ ಮಳೆ ಸುರಿದು ಹೋಗುವವರೆಗೆ ಇಬ್ಬರೂ ಆ ಯಂತ್ರದ ಎದುರು ಕೂತಿದ್ದೆವು. ಉಳಿದವರು ಪುಟದ ಕೆಲಸದಲ್ಲಿದ್ದರು, ಯಾರೂ ನಮ್ಮನ್ನು ಕರೆಯಲಿಲ್ಲ. ಹೆದ್ದಾರಿಯಲ್ಲಿ ನೀರು ಎರಚಿಕೊಂಡು ಹೋಗುವ ಲಾರಿಗಳ ಸದ್ದು ಕೇಳುತ್ತಿತ್ತು.

ಆಮೇಲೆ ಅವರೇ ಪ್ಲಗ್ಗು ಹಾಕಿದರು. ಯಂತ್ರ ಹೊತ್ತಿಕೊಂಡಿತು. ನಾನು ಕಪ್ಪು ಕಿಟಕಿ ತೆರೆದೆ, ಯಾವ ಸಾಲನ್ನೂ ಟೈಪ್ ಮಾಡದೆ, ಯಾವ ಜಾವಾ ಎಂದಷ್ಟೇ ಕೇಳಿದೆ. ಎಂಟು ಎಂದಿತು.

ಬಾಯಿ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಗ್ಗಿ, ಪ್ರೂಫ್ ಓದುವ ಹಾಗೆ ಆ ಒಂದು ಸಾಲನ್ನು ಓದಿದರು. “ನೆನಪುಂಟು ಇದಕ್ಕೆ” ಎಂದರು. ಮಾನಿಟರಿನ ಅಂಚಿನಲ್ಲಿದ್ದ ಚೀಟಿಯನ್ನು ಉಗುರಿನಿಂದ ಎಬ್ಬಿಸಿ, ಮಡಚಿ, ಬುಟ್ಟಿಗೆ ಹಾಕಿದರು. ಆಮೇಲೆ ಕೊಡೆ ತೆಗೆದುಕೊಂಡು ಬಸ್ಸಿಗೆ ಹೋದರು.

ಬದಲಾಯಿಸಬೇಕಾದ ಹಳೆಯ ಬರಹಗಳ ಫೋಲ್ಡರ್ ಖಾಲಿ ಇತ್ತು. ನಾನು ಕಿಟಕಿ ಮುಚ್ಚಿ ಸಂಜೆಯ ಪುಟಕ್ಕೆ ಹೋದೆ.